ಬೋರಲು ಮಲಗಿದ ಹೃದಯ

ಸೀಟಿ ಮಾಸ್ಟ್ರಿಗೆ ಕೋಪ ಬರಲು ಕಾರಣ ಬೇಕಾಗಿರಲಿಲ್ಲ, ಐದು ನಿಮಿಷ ಸಾಕಾಗಿತ್ತು. ಬೆಳಿಗ್ಗೆ ಐದೂವರೆಗೆ ಕ್ರೀಡಾ ಶಾಲೆಯ ಮೈದಾನಕ್ಕೆ ಕಾಲಿಟ್ಟರೆ ಐದು ಮೂವತ್ತೈದಕ್ಕೆ ಮೊದಲ ಬೈಗುಳ ಹೊರಬೀಳುತ್ತಿತ್ತು. ಅದು ಬೀಳದ ದಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮಾಸ್ಟ್ರಿಗೆ ಮೈ ಹುಷಾರಿಲ್ಲವೇನೋ ಎಂದು ಪಿಸುಗುಡುತ್ತಿದ್ದರು. ಕೊರಳಲ್ಲಿ ಸದಾ ನೇತಾಡುವ ಉಕ್ಕಿನ ಸೀಟಿಯಿಂದ ಬಂದ ಹೆಸರು ಅದು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದನ್ನು ಯಾರಾದರೂ ಕೂಗಿದರೆ ಎರಡನೇ ಸಲಕ್ಕೇ ಅವರು ತಿರುಗಿ ನೋಡುತ್ತಿದ್ದುದು.

ಏಳನೇ ತರಗತಿಗೆ ಶಾಲೆ ಬಿಟ್ಟು, ಹದಿನಾರನೇ ವಯಸ್ಸಿಗೆ ಈ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಸೇರಿದವರು ಅವರು. ಓಟದ ಪಥಕ್ಕೆ ಎಂಟು ಗೆರೆ, ಎರಡೂ ತುದಿಯ ತಿರುವು, ಗುಂಡು ಎಸೆಯುವ ವೃತ್ತ, ಎಲ್ಲವೂ ಹಗ್ಗ ಮತ್ತು ಗೂಟದಿಂದ. ಗೆರೆ ಎಳೆಯುವ ಗಾಡಿಯನ್ನು ಅವರು ತಳ್ಳಿಕೊಂಡು ಹೋದರೆ ನೂರು ಮೀಟರಿಗೆ ಬೆರಳಿನಷ್ಟೂ ಸೊಟ್ಟ ಬರುತ್ತಿರಲಿಲ್ಲ. ಹನ್ನೊಂದು ವರ್ಷ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಓಟದ ತರಬೇತುದಾರರು ಬರಲಿಲ್ಲ, ಮರುದಿನವೂ ಬರಲಿಲ್ಲ. ಮಕ್ಕಳು ಸುಮ್ಮನೆ ಕೂತಿರುವುದನ್ನು ನೋಡಲಾಗದೆ ಗೆರೆಯವನು ಸುಣ್ಣದ ಕೈಯಲ್ಲೇ ಸ್ಟಾಪ್‌ವಾಚ್ ಹಿಡಿದ. ಆ ವರ್ಷ ಮೂರು ಮಕ್ಕಳು ಪದಕ ತಂದರು. ಆಮೇಲೆ ಯಾರೂ ಅವರನ್ನು ಅಲ್ಲಿಂದ ಏಳಿಸುವ ಧೈರ್ಯ ಮಾಡಲಿಲ್ಲ. ಹಾಗೆ ಮಾಸ್ಟ್ರಾದವರಿಗೆ ಈಗ ನಲವತ್ತೇಳು.

ಈಗ ಏಳಿಸುವ ಕಾಗದ ಬಂದಿತ್ತು. ಇಂಥ ಕಾಗದ ಬರೆಯುವವರು ಯಾರೂ ಬಿಸಿಲಲ್ಲಿ ನಿಂತವರಲ್ಲ, ಆ ಮಾತು ಬೇರೆ. ಇನ್ನು ಮುಂದೆ ತರಬೇತಿ ಕೊಡುವವರೆಲ್ಲರ ಬಳಿ ಪ್ರಮಾಣಪತ್ರ ಇರಲೇಬೇಕು. ಹದಿನೈದು ವರ್ಷ ಮೀರಿ ಕೆಲಸ ಮಾಡಿದವರಿಗೆ ಬರೆಯುವ ಪರೀಕ್ಷೆ ಇಲ್ಲ, ಅಷ್ಟು ರಿಯಾಯಿತಿ. ಅದರ ಬದಲು ಹೃದಯ ಮತ್ತು ಶ್ವಾಸಕೋಶ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತಮ್ಮದೇ ವಿದ್ಯಾರ್ಥಿಗಳಿಗೆ ನಲವತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಪರೀಕ್ಷಕರು ಕೂತು ನೋಡುತ್ತಾರೆ. ದಾಟಿದರೆ ಸರಿ, ಇಲ್ಲದಿದ್ದರೆ ಮೈದಾನ ಬಿಟ್ಟು ಸ್ಟೋರ್ ರೂಮಿನಲ್ಲಿ ಚೆಂಡಿಗೆ ಗಾಳಿ ಹೊಡೆಯುವ ಕೆಲಸ. ಮೂರು ವಾರ ಸಮಯವಿತ್ತು.

ಕಾಗದ ಓದಿ ಹೇಳಿದ ಗುಮಾಸ್ತ ಕೊನೆಗೆ ಸಮಾಧಾನದ ಮಾತಾಡಲು ಹೋದ. "ಸ್ಟೋರ್ ರೂಮಲ್ಲಿ ಫ್ಯಾನ್ ಇದೆ ಮಾಸ್ಟ್ರೇ."

"ಆ ಫ್ಯಾನ್ ಕಿತ್ತು ನಿನ್ನ ತಲೆ ಮೇಲೆ ಹಾಕ್ಕೋ," ಎಂದು ಮಾಸ್ಟ್ರು ಹೊರಟು ಬಂದರು.

ಮಕ್ಕಳಿಗೆ ಅವರು ನಿಜ ಹೇಳಲಿಲ್ಲ. ಹೇಳಲು ನಾಲಿಗೆ ತಿರುಗಲಿಲ್ಲ. "ಮೂರು ವಾರ ಆದ್ಮೇಲೆ ಹೃದಯ, ಶ್ವಾಸಕೋಶದ ಬಗ್ಗೆ ನಿಮಗೊಂದು ಪರೀಕ್ಷೆ ಇದೆ. ಹೊರಗಿನವರು ಬರ್ತಾರೆ. ಫೇಲಾದ್ರೆ ನನ್ನ ಕೇಳಬೇಡಿ," ಎಂದು ಪರೀಕ್ಷೆಯನ್ನು ಎತ್ತಿ ಅವರ ತಲೆಗೆ ಕಟ್ಟಿದರು.

ಮನೆಯ ಮಹಡಿಯಲ್ಲಿ ಅಕ್ಕ ಇದ್ದಳು. ಮೂವತ್ತಮೂರು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ರೋಗಿಗಳೊಂದಿಗೆ ಮೃದುವಾಗಿ ಮಾತಾಡಿ ಮಾತಾಡಿ, ಉಳಿದ ಒರಟುತನವನ್ನೆಲ್ಲ ತಮ್ಮನಿಗೆಂದೇ ಕೂಡಿಟ್ಟುಕೊಂಡಿದ್ದಳು. ಮಾಸ್ಟ್ರು ಹೋದಾಗ ಅವಳು ಅಡುಗೆಮನೆಯ ಮೇಜಿನ ಮೇಲೆ ಹುರುಳಿಕಾಯಿ ಹರಡಿಕೊಂಡು ನಾರು ತೆಗೆಯುತ್ತಿದ್ದಳು.

"ಅಕ್ಕಾ, ಈ ಹೃದಯ ಹೇಗೆ ಕೆಲ್ಸ ಮಾಡುತ್ತೆ?"

"ನಿನ್ನಂಥ ತಮ್ಮ ಇದ್ರೂ ಮಾಡುತ್ತೆ ನೋಡು, ಅದೇ ನಂಗೂ ಆಶ್ಚರ್ಯ. ಕೂತ್ಕೋ. ಸುಮ್ನೆ ಕೂರಬೇಡ, ಕಾಯಿ ಬಿಡಿಸು."

ಮಾಸ್ಟ್ರು ಕಾಗದದ ವಿಷಯ ಹೇಳಿದರು. ಅಕ್ಕ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಮೊದಲು ಇದು ಹೇಳು. ಉಸಿರು ಎಳ್ಕೊಂಡ್ರೆ ಗಾಳಿ ಎಲ್ಲಿಗೆ ಹೋಗುತ್ತೆ?"

"ಹೊಟ್ಟೆಗೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಅದನ್ನೇ ಹೇಳ್ಕೊಡ್ತಿದೀನಿ. ಹೊಟ್ಟೆ ತುಂಬ ಗಾಳಿ ಎಳ್ಕೊಳ್ಳಿ ಅಂತ."

"ಹಾಗಾದ್ರೆ ಇಪ್ಪತ್ತು ವರ್ಷದಿಂದ ನೀನು ಬಲೂನು ಓಡಿಸ್ತಿದೀಯ."

"ಮತ್ತೆ ಹೊಟ್ಟೆ ಯಾಕೆ ಮುಂದೆ ಬರುತ್ತೆ?" ಮಾಸ್ಟ್ರ ದನಿ ಏರಿತು. "ಕಣ್ಣಾರೆ ನೋಡ್ತೀನಲ್ಲ ದಿನಾ."

"ಕೂಗಬೇಡ, ಕೆಳಗೆ ನಿನ್ನ ಹೆಂಡ್ತಿ ಬಟ್ಟೆ ಹೊಲೀತಿದಾಳೆ, ಸೂಜಿ ಚುಚ್ಕೋತಾಳೆ. ಶ್ವಾಸಕೋಶದ ಕೆಳಗೆ ಮಾಂಸದ್ದೊಂದು ಪರದೆ ಇದೆ. ಉಸಿರು ಎಳೆದಾಗ ಅದು ಕೆಳಕ್ಕೆ ಇಳಿಯುತ್ತೆ. ಇಳಿದಾಗ ಶ್ವಾಸಕೋಶಕ್ಕೆ ಹಿಗ್ಗೋಕೆ ಜಾಗ ಸಿಗುತ್ತೆ, ಗಾಳಿ ಒಳಗೆ ಬರುತ್ತೆ. ಪರದೆ ಇಳಿದ್ರೆ ಹೊಟ್ಟೆಯೊಳಗಿನ ಸಾಮಾನು ಎಲ್ಲಿಗೆ ಹೋಗಬೇಕು? ಮುಂದಕ್ಕೆ. ನಿನ್ನ ಹೊಟ್ಟೆ ಮುಂದೆ ಬರೋದು ಜಾಗ ಬಿಡೋಕೆ ಕಣೋ, ಗಾಳಿ ತುಂಬ್ಕೊಳ್ಳೋಕಲ್ಲ."

ಮಾಸ್ಟ್ರು ಒಂದು ಕಾಯಿಯನ್ನು ನಾರು ತೆಗೆಯದೆಯೇ ಪಾತ್ರೆಗೆ ಹಾಕಿ, ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಎರಡು ಸಲ ಉಸಿರಾಡಿ ನೋಡಿದರು. ಅಕ್ಕ ಆ ಕಾಯಿಯನ್ನು ಹೆಕ್ಕಿ ಅವರ ಮುಂದೆಯೇ ಮತ್ತೆ ಇಟ್ಟಳು.

ಹೃದಯದ ಸರದಿ ಬಂದಾಗ ಅವಳು ನಾಲ್ಕು ಬಟ್ಟಲು ಜೋಡಿಸಿದಳು. ಬಲಕ್ಕೆ ಎರಡು, ಎಡಕ್ಕೆ ಎರಡು. ಮೇಲಿನ ಕೋಣೆ ರಕ್ತ ಇಳಿಸಿಕೊಳ್ಳುತ್ತದೆ, ಕೆಳಗಿನ ಕೋಣೆ ತಳ್ಳುತ್ತದೆ. ಮೈಯೆಲ್ಲ ಸುತ್ತಿ ಸುಸ್ತಾದ ರಕ್ತ ಬಲಗಡೆಗೆ ಬರುತ್ತದೆ, ಬಲಗಡೆಯದು ಅದನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಹಳೆ ಗಾಳಿ ಬಿಟ್ಟು ಹೊಸ ಗಾಳಿ ಹೊತ್ತುಕೊಂಡು ಎಡಗಡೆಗೆ ಬರುತ್ತದೆ, ಎಡಗಡೆಯದು ಮತ್ತೆ ಮೈಗೆಲ್ಲ ಎಸೆಯುತ್ತದೆ.

"ಅಂದ್ರೆ ಒಂದು ಸುತ್ತಿಗೆ ಎರಡು ಸಲ ಹೃದಯದೊಳಗೆ ಬರುತ್ತೆ," ಎಂದರು ಮಾಸ್ಟ್ರು.

"ಅಬ್ಬಾ, ತಲೆ ಓಡಿತಲ್ಲ. ಎಡಗಡೆ ಗೋಡೆ ಬಲಗಡೆಗಿಂತ ದಪ್ಪ. ಯಾಕೆ ಹೇಳು?"

ಮಾಸ್ಟ್ರು ಎಡಗಡೆಯ ಬಟ್ಟಲನ್ನು ಎತ್ತಿ ತಿರುಗಿಸಿ ನೋಡಿದರು.

"ಬಲಗಡೆಯದಕ್ಕೆ ಪಕ್ಕದ ಮನೆಗೆ ಕಾಂಪೌಂಡ್ ಮೇಲಿಂದ ಪಾತ್ರೆ ದಾಟಿಸಿದಷ್ಟು ಕೆಲ್ಸ. ಎಡಗಡೆಯದು ನೆತ್ತಿಯಿಂದ ಕಾಲ್ಬೆರಳ ತನಕ ಊರಿಗೆಲ್ಲ ಹಂಚಬೇಕು. ಯಾರ ತೋಳು ದಪ್ಪ ಆಗುತ್ತೆ?" ಎಂದು ಅಕ್ಕ ಬಟ್ಟಲುಗಳನ್ನು ಎತ್ತಿಟ್ಟಳು. "ಇನ್ನೊಂದು ಮಾತು. ಅವತ್ತು ಬಾಯಿ ಬಿಗಿಹಿಡಿ. ಪರೀಕ್ಷಕರ ಮೇಲೆ ಕೂಗಾಡಿದ್ರೆ ನಿನಗೆ ಗೊತ್ತಿರೋದೂ ನೀರಿನಲ್ಲಿ ಹೋಮ."

ಹತ್ತು ದಿನ ಹೀಗೆ ಮಹಡಿ ಹತ್ತಿ ಇಳಿದರು. ಬೆಳಿಗ್ಗೆ ಮುಖ ತೊಳೆಯುತ್ತಲೇ ಕನ್ನಡಿಗೆ ಪಾಠ ಮಾಡಿದರು. ಹೊಲಿಗೆ ಮಿಷನ್ ಮುಂದೆ ಕೂತ ಹೆಂಡತಿ, "ರೀ, ಮಿಷನ್ನಿಗಿಂತ ಜಾಸ್ತಿ ಶಬ್ದ ನೀವೇ ಮಾಡ್ತಿದೀರ. ನಿಮ್ಮ ಹೃದಯದ ಕತೇಲಿ ನಾನು ಒಂದು ರವಿಕೆಗೆ ಮೂರು ತೋಳು ಕತ್ತರಿಸಿದೆ," ಎಂದಳು.

ಹನ್ನೊಂದನೇ ದಿನ ಮಕ್ಕಳನ್ನು ತರಗತಿಯ ಕೋಣೆಗೆ ಕರೆದರು. ಇಪ್ಪತ್ತೆರಡು ಮಂದಿ, ಹದಿನಾಲ್ಕರಿಂದ ಹದಿನೇಳರವರೆಗಿನವರು. ಬೆಳಗಿನ ಓಟ ಮುಗಿಸಿ, ಹೊಟ್ಟೆ ತುಂಬಿಸಿಕೊಂಡು ಬಂದು ಬೆಂಚಿನ ಮೇಲೆ ಕೂತರೆ ಯಾರಿಗೆ ತಾನೆ ಕಣ್ಣು ಎಳೆಯುವುದಿಲ್ಲ. ಮಾಸ್ಟ್ರು ಬೋರ್ಡಿನ ಮೇಲೆ ಹೃದಯ ಬರೆದರು. ಮೈಲುಗಟ್ಟಲೆ ಗೆರೆ ಎಳೆದ ಕೈಗೆ ಸೀಮೆಸುಣ್ಣದ ತುಂಡು ಒಗ್ಗಲಿಲ್ಲ. ಹೃದಯ ನೆನೆದು ಉಬ್ಬಿದ ಬೂಟಿನ ಹಾಗೆ ಬಂತು. ತಿರುಗಿ ನೋಡಿದರೆ ಮೂರನೇ ಬೆಂಚಿನಲ್ಲಿ ಬಂಡೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಗುಂಡು ಎಸೆಯುವ ಹುಡುಗಿ ಅವಳು, ಆ ಅಡ್ಡಹೆಸರು ಅವಳೇ ಇಟ್ಟುಕೊಂಡದ್ದು. ಅವಳ ಭುಜಕ್ಕೆ ತಲೆ ಕೊಟ್ಟು ಕಡ್ಡಿ ಮಲಗಿದ್ದ, ನೂರು ಮೀಟರ್ ಓಡುವ ತೆಳ್ಳನೆಯ ಹುಡುಗ.

ಸೀಮೆಸುಣ್ಣ ಗೋಡೆಗೆ ಬಡಿದು ಪುಡಿಯಾಯಿತು. ಎಲ್ಲರೂ ಎಚ್ಚರಾದರು.

"ಮಾಸ್ಟ್ರೇ, ಆ ಬೂಟು ಯಾರದು?" ಎಂದ ಪ್ರಶ್ನೆಪತ್ರಿಕೆ. ಐದು ಸಾವಿರ ಮೀಟರ್ ಓಡುವವನು ಇವನು. ಓಡುವಾಗಲೂ ಪ್ರಶ್ನೆ ಕೇಳುವವನಾದ್ದರಿಂದ ಆ ಹೆಸರು.

"ನಿಮ್ಮಪ್ಪಂದು. ಎದ್ದೇಳಿ ಎಲ್ಲಾ. ಹೊರಗೆ ನಡೀರಿ."

ಕೋಪದಲ್ಲಿ ಹೊರಗೆ ಹಾಕಿದ್ದೇ ಒಳ್ಳೆಯದಾಯಿತು. ಮೈದಾನದ ಹುಲ್ಲಿಗೆ ಬಂದ ಮೇಲೆ ಮಾಸ್ಟ್ರ ಕೈ ತಾನಾಗಿಯೇ ಗೆರೆಗಾಡಿಯ ಹಿಡಿಗೆ ಹೋಯಿತು. ಅಕ್ಕ ಕೊಟ್ಟಿದ್ದ ಹಳೆಯ ನರ್ಸಿಂಗ್ ಪುಸ್ತಕವನ್ನು ಕಡ್ಡಿಯ ಕೈಯಲ್ಲಿ ತೆರೆದು ಹಿಡಿಸಿ, ಗೂಟ ನೆಟ್ಟು ಹಗ್ಗ ಕಟ್ಟಿ ಶುರು ಮಾಡಿದರು. ಆ ತುದಿಗೆ ಎರಡು ಶ್ವಾಸಕೋಶ, ಒಂದೊಂದೂ ಒಂದು ಕೋಣೆಯಷ್ಟು ದೊಡ್ಡದು. ಈ ತುದಿಗೆ ಎರಡು ಕಾಲು. ನಡುವೆ ನಾಲ್ಕು ಕೋಣೆಯ ಹೃದಯ. ರಕ್ತ ಹೋಗುವ ದಾರಿ, ಬರುವ ದಾರಿ, ಒಂದೊಂದೂ ಓಟದ ಪಥದಷ್ಟೇ ಅಗಲ. ಅರ್ಧ ಗಂಟೆಯಲ್ಲಿ ಹುಲ್ಲಿನ ಮೇಲೆ ಐವತ್ತು ಹೆಜ್ಜೆ ಉದ್ದದ ಮನುಷ್ಯ ಬಿದ್ದುಕೊಂಡಿದ್ದ. ಒಂದು ಗೆರೆಯೂ ಸೊಟ್ಟ ಇರಲಿಲ್ಲ.

ಸ್ಟೋರಿನಿಂದ ಸವೆದ ಟೆನಿಸ್ ಚೆಂಡುಗಳನ್ನು ತರಿಸಿ ಶ್ವಾಸಕೋಶದೊಳಗೆ ಸುರಿಸಿದರು, ಅದು ಹೊಸ ಗಾಳಿ. ಗರಿ ಉದುರಿದ ಶಟಲ್ ಕಾಕ್‌ಗಳನ್ನು ಕಾಲುಗಳಲ್ಲಿ ಇಡಿಸಿದರು, ಅದು ಬಳಸಿ ಬಿಟ್ಟ ಗಾಳಿ. ಮಕ್ಕಳೇ ರಕ್ತ. ಕಾಲಿನಲ್ಲಿ ಶಟಲ್ ಎತ್ತಿಕೊಂಡು ಬಲಗಡೆಯ ಹೃದಯ ಹೊಕ್ಕು, ಶ್ವಾಸಕೋಶಕ್ಕೆ ಓಡಿ, ಅಲ್ಲಿ ಶಟಲ್ ಹಾಕಿ ಚೆಂಡು ಹಿಡಿದು, ಎಡಗಡೆಯ ಹೃದಯದ ಮೂಲಕ ಕಾಲಿಗೆ ಬಂದು ಚೆಂಡು ಹಾಕಬೇಕು. ಬಂಡೆಯನ್ನು ಎಡಗಡೆಯ ಕೆಳಕೋಣೆಯಲ್ಲಿ ನಿಲ್ಲಿಸಿದರು, ಬಂದವರ ಬೆನ್ನಿಗೆ ಕೈಹಚ್ಚಿ ತಳ್ಳುವುದಕ್ಕೆ. ಬಲಗಡೆ ತಳ್ಳಲು ಎಲ್ಲರಿಗಿಂತ ಸಣ್ಣ ಹುಡುಗಿ. ಕೋಣೆಗಳಿಗೆ ಬಾಗಿಲಿರಲಿಲ್ಲ, ಬೇರೇನೂ ತೋಚದೆ ಹರ್ಡಲ್ಸ್ ಓಟದ ನಾಲ್ಕು ತಡೆಗಳನ್ನು ತಂದು ಅಡ್ಡ ಇಟ್ಟರು.

ಸೀಟಿ ಊದಿದರು. ಮೊದಲ ಹತ್ತು ಸೆಕೆಂಡು ಎಲ್ಲ ಚೆನ್ನಾಗಿತ್ತು. ಶ್ವಾಸಕೋಶ ತಲುಪಿ ಚೆಂಡು ಎತ್ತಿಕೊಂಡವರು ಬಲಕ್ಕೆ ತಿರುಗಿ ಇಳಿಯಬೇಕಿತ್ತು. ಎಲ್ಲರೂ ಎಡಕ್ಕೆ ತಿರುಗಿ, ಹತ್ತಿದ ದಾರಿಯಲ್ಲೇ ವಾಪಸ್ಸು ನುಗ್ಗಿದರು. ಕೆಳಗಿನಿಂದ ಶಟಲ್ ಹಿಡಿದು ಬರುವ ರಕ್ತ, ಮೇಲಿನಿಂದ ಚೆಂಡು ಹಿಡಿದು ಬರುವ ರಕ್ತ, ಎರಡೂ ಹೃದಯದ ಬಾಗಿಲಲ್ಲಿ ಡಿಕ್ಕಿ ಹೊಡೆದವು. ಕಡ್ಡಿ ತಪ್ಪು ದಿಕ್ಕಿನಿಂದ ಬಂದು ತಡೆಗೆ ಬಡಿದ. ತಡೆ ಅಲ್ಲಾಡಲಿಲ್ಲ, ಅವನೇ ಅಂಗಾತ ಬಿದ್ದ. ಅವನ ಮೇಲೆ ಐದು ಮಂದಿ ಬಿದ್ದರು. ಬಂಡೆ ಖಾಲಿ ಕೋಣೆಯಲ್ಲಿ ಕೈ ಚಾಚಿ ನಿಂತು, "ಮಾಸ್ಟ್ರೇ, ನನ್ನ ಹತ್ರ ಯಾರೂ ಬರ್ತಿಲ್ಲ," ಎನ್ನುತ್ತಿದ್ದಳು.

ಮಾಸ್ಟ್ರು ಆಮೇಲೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮೈದಾನದ ಆಚೆ ತುದಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿ ಕೇಳಿಸಿಕೊಂಡ. ನಾಲ್ಕು ಸಲ ಓಡಿಸಿದರು, ನಾಲ್ಕು ಸಲವೂ ಅದೇ ಕತೆ.

"ಬಲಕ್ಕೆ ಅಂದ್ರೆ ಬಲಕ್ಕೆ. ಬಲಗೈ ಯಾವುದು ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತು ಮಾಸ್ಟ್ರೇ," ಎಂದ ಪ್ರಶ್ನೆಪತ್ರಿಕೆ, ಮೊಣಕೈಯ ಹುಲ್ಲು ಒರೆಸಿಕೊಳ್ಳುತ್ತ. "ಆದ್ರೆ ಆರು ವರ್ಷದಿಂದ ನೀವು ಎಡಕ್ಕೆ ತಿರುಗೋದು ಬಿಟ್ಟು ಬೇರೇನಾದ್ರೂ ಕಲಿಸಿದೀರಾ?"

ಹೊಡೆಯಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಮಾತು ಸರಿಯಿತ್ತು. ಓಟದ ಪಥದಲ್ಲಿ ಎಲ್ಲರೂ ಎಡಕ್ಕೇ ತಿರುಗುವುದು. ಆ ಮಕ್ಕಳು ಸ್ನಾನಕ್ಕೆ ಹೋಗುವಾಗಲೂ ಎಡಕ್ಕೆ ತಿರುಗುತ್ತಿದ್ದರೇನೋ. ಅವರ ಕಾಲಿಗೆ ಆ ಅಭ್ಯಾಸ ಹಿಡಿಸಿದವರು ಬೇರೆ ಯಾರೂ ಅಲ್ಲ.

ಮಾಸ್ಟ್ರು ಗೆರೆಗಾಡಿಯ ಮೇಲೆ ಕೂತರು. ಪುಸ್ತಕ ನೋಡಿದರು. ಪುಸ್ತಕದಲ್ಲಿ ಹೃದಯದ ಬಲಭಾಗ ಹಾಳೆಯ ಎಡಗಡೆಗಿತ್ತು. ಅದು ಯಾಕೆ ಹಾಗೆ ಎಂದು ಅವರು ಹತ್ತು ದಿನದಿಂದ ಅಕ್ಕನನ್ನು ಕೇಳಲು ನಾಚಿಕೊಂಡಿದ್ದರು. ಅಂಗೈಯನ್ನು ಎದೆಗೆ ಇಟ್ಟುಕೊಂಡರು. ಎದ್ದು ಹೋಗಿ ಎದುರಿಗೆ ಬಂಡೆಯನ್ನು ನಿಲ್ಲಿಸಿ, "ಬಲಗೈ ಎತ್ತಮ್ಮ," ಎಂದರು. ಅವಳ ಬಲಗೈ ಅವರ ಎಡಕ್ಕೆ ಏರಿತು. "ಈಗ ಆ ಕಡೆ ತಿರುಗು." ಬಂಡೆ ಬೆನ್ನು ತೋರಿಸಿದಳು. ಬಲಗೈ ಬಲಕ್ಕೇ ಬಂತು.

"ಲೋ," ಎಂದರು ಮಾಸ್ಟ್ರು, ದನಿ ಇಳಿಸಿ. "ಪುಸ್ತಕದ ಮನುಷ್ಯ ನಮ್ಮ ಕಡೆ ಮುಖ ಮಾಡ್ಕೊಂಡಿದಾನೆ. ಅವನು ಮೇಲೆ ನೋಡ್ತಾ ಮಲಗಬೇಕು ಅಂತ ಯಾರು ಹೇಳಿದ್ದು? ಬೋರಲು ಮಲಗಿಸೋಣ."

ಸುಣ್ಣ ಅಳಿಸಿ, ಮನುಷ್ಯನನ್ನು ಮಗುಚಿ ಹಾಕಿ ಮತ್ತೆ ಎಳೆದರು. ಈಗ ಬಲಗಡೆಯಿಂದ ಹತ್ತಿ, ಶ್ವಾಸಕೋಶದಲ್ಲಿ ಎಡಕ್ಕೆ ತಿರುಗಿ, ಎಡಗಡೆಯಿಂದ ಇಳಿಯುವುದು. ಓಟದ ಪಥವೇ ಅದು. ಸೀಟಿ ಊದಿದ್ದೇ ತಡ, ರಕ್ತ ಎಣ್ಣೆ ಹಚ್ಚಿದ ಹಾಗೆ ಹರಿಯಿತು.

ಕಡ್ಡಿ ಬಿದ್ದದ್ದೂ ದಂಡವಾಗಲಿಲ್ಲ. ಹರ್ಡಲ್ಸಿನ ತಡೆಗೆ ಕಾಲುಗಳು ಒಂದೇ ಕಡೆಗಿರುತ್ತವೆ. ಓಟಗಾರ ಬರುವ ಕಡೆಯಿಂದ ತಾಗಿದರೆ ಮುಂದಕ್ಕೆ ವಾಲಿ ದಾರಿ ಬಿಡುತ್ತದೆ. ಹಿಂದಿನಿಂದ ಬಂದು ಗುದ್ದಿದರೆ ಗೋಡೆ. ಹೃದಯದ ಕವಾಟ ಮಾಡುವುದೂ ಅಷ್ಟೇ ಕೆಲಸ. "ಮುಂದೆ ಹೋಗೋಕೆ ಬಿಡುತ್ತೆ, ವಾಪಸ್ಸು ಬರೋಕೆ ಬಿಡಲ್ಲ. ನಂಬಿಕೆ ಇಲ್ದಿದ್ರೆ ಕಡ್ಡಿಯ ಮೊಣಕಾಲು ನೋಡಿ," ಎಂದರು ಮಾಸ್ಟ್ರು. ಕಡ್ಡಿ ಉಳಿದ ದಿನಗಳಲ್ಲಿ ಆ ಮೊಣಕಾಲನ್ನು ಕೇಳಿದವರಿಗೂ ಕೇಳದವರಿಗೂ ತೋರಿಸಿದ.

ಪರೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೆ ಪರೀಕ್ಷಕಿ ಬಂದರು. ಕ್ರೀಡಾಪಟುಗಳಿಗೆ ಚಿಕಿತ್ಸೆ ಕೊಡುವ ಡಾಕ್ಟರು, ಮಾಸ್ಟ್ರಿಗಿಂತ ಹತ್ತು ವರ್ಷ ಚಿಕ್ಕವರು. ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆಗಳು. ತರಗತಿಯ ಕಡೆ ಹೊರಟವರನ್ನು ಮಾಸ್ಟ್ರು ಹುಲ್ಲಿನ ಕಡೆ ಕರೆದರು. ಚಪ್ಪಲಿಯ ಹಿಮ್ಮಡಿ ಮಣ್ಣಿಗೆ ಇಳಿಯತೊಡಗಿದಾಗ ಅವರು ಎರಡನ್ನೂ ಬಿಚ್ಚಿ ಬದಿಗಿಟ್ಟು ಬರಿಗಾಲಲ್ಲಿ ಬಂದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಅಂಥ ಮುಖ ಕಂಡರೆ ಮಾಸ್ಟ್ರಿಗೆ ಮೊದಲೇ ಆಗದು.

ಪರೀಕ್ಷಕಿ ಸುಣ್ಣದ ಮನುಷ್ಯನ ಕಾಲ ಬಳಿ ನಿಂತು ಬಹಳ ಹೊತ್ತು ನೋಡಿದರು. ಹಾಳೆಯಲ್ಲಿ ಏನೋ ಗುರುತು ಮಾಡಿದರು.

"ಮಾಸ್ಟ್ರೇ, ಚಿತ್ರ ಉಲ್ಟಾ ಇದೆ. ಬಲಭಾಗ ನಮ್ಮ ಎಡಕ್ಕೆ ಬರಬೇಕು. ಇದು ಮೊದಲನೇ ಪಾಠದಲ್ಲೇ ಇರೋ ವಿಷಯ."

ಇಪ್ಪತ್ತೆರಡು ಮಕ್ಕಳ ಕಣ್ಣು ಮಾಸ್ಟ್ರ ಕಿವಿಯ ಮೇಲಿತ್ತು. ಕೋಪ ಬಂದರೆ ಮೊದಲು ಕೆಂಪಾಗುತ್ತಿದ್ದುದು ಕಿವಿ. ಅದು ಕೆಂಪಾಯಿತು. ಒಂದು ಮಾತು ಗಂಟಲವರೆಗೆ ಬಂತು, ಅದು ನುಂಗಲು ಸುಲಭದ ಮಾತಲ್ಲ. ಮಾಸ್ಟ್ರು ನುಂಗಿದರು.

"ಲೋ ಕಡ್ಡಿ, ಹೋಗಿ ಅದರ ಮೇಲೆ ಬೋರಲು ಮಲಗು. ತಲೆ ಶ್ವಾಸಕೋಶದ ಕಡೆಗೆ."

ಕಡ್ಡಿ ಹೋಗಿ ಮಲಗಿದ.

"ಬಲಗೈ ಚಾಚು."

ಅವನ ಬಲಗೈ ಹೃದಯದ ಬಲಭಾಗದ ಕಡೆಗೇ ಚಾಚಿತು.

"ಪುಸ್ತಕದವನು ಎದುರಿಗೆ ನಿಂತಿದಾನೆ ಮೇಡಂ. ನಮ್ಮವನು ಬೋರಲು ಮಲಗಿದಾನೆ."

ಪರೀಕ್ಷಕಿ ಕಡ್ಡಿಯನ್ನು ನೋಡಿದರು, ಹಾಳೆಯನ್ನು ನೋಡಿದರು. "ಸರಿ. ಬೋರಲು ಯಾಕೆ ಮಲಗಿಸಿದ್ರಿ?"

"ನಮ್ಮ ಮಕ್ಕಳು ಬಲಕ್ಕೆ ತಿರುಗಲ್ಲ ಮೇಡಂ. ಮೊದಲ ಸಲ ಪುಸ್ತಕದ ಹಾಗೇ ಹಾಕಿದ್ದೆ. ಹೃದಯದಲ್ಲಿ ಆರು ಜನ ಬಿದ್ರು."

ಅವರ ತುಟಿಯ ಒಂದು ಕೊನೆ ಅಲುಗಿದ ಹಾಗಾಯಿತು. "ಶುರು ಮಾಡಿ."

ಆಮೇಲೆ ಮಾಸ್ಟ್ರು ಪರೀಕ್ಷಕಿ ಇರುವುದನ್ನೇ ಮರೆತರು. ಒಂದು ಸೀಟಿಗೆ ಮೇಲಿನ ಕೋಣೆಗಳು ಬಿಟ್ಟುಕೊಡಬೇಕು, ಇನ್ನೊಂದಕ್ಕೆ ಕೆಳಗಿನ ಕೋಣೆಗಳು ತಳ್ಳಬೇಕು. ಮೊದಲು ನಿಧಾನ, ಮನುಷ್ಯ ಕೂತಿದ್ದಾನೆ. ಆಮೇಲೆ ಎದ್ದು ನಡೆದ. ಆಮೇಲೆ ಓಡಿದ. ಓಡತೊಡಗಿದಾಗ ಕಾಲಿನಲ್ಲಿ ನಿಂತ ಇಬ್ಬರು ಮಕ್ಕಳು, "ಚೆಂಡು ಸಾಲ್ತಿಲ್ಲ, ಬೇಗ ತನ್ನಿ," ಎಂದು ಕೂಗಿದರು. ಸೀಟಿ ವೇಗವಾಯಿತು. ಬಂಡೆ ಬೆವರಿಳಿಸಿಕೊಂಡು ಒಬ್ಬೊಬ್ಬರನ್ನೂ ಗುಂಡು ಎಸೆದ ಹಾಗೆ ಎಸೆದಳು. ಅತ್ತ ಬಲಗಡೆಯ ಸಣ್ಣ ಹುಡುಗಿ ಅಷ್ಟೇ ಜನರನ್ನು ತಳ್ಳಿದರೂ ಆರಾಮವಾಗಿದ್ದಳು, ಅವಳಿಗೆ ದಾಟಿಸಬೇಕಾದದ್ದು ಪಕ್ಕಕ್ಕೆ ಮಾತ್ರ.

"ನಿಲ್ಲಿ. ಬಂಡೆ, ಯಾಕೆ ಏದುಸಿರು?"

"ನನ್ನ ಕೆಲ್ಸ ಜಾಸ್ತಿ ಮಾಸ್ಟ್ರೇ. ನಾನು ಮೈಗೆಲ್ಲ ಎಸೀಬೇಕು, ಅವಳು ಪಕ್ಕದ ಮನೆಗೆ."

"ಅದಕ್ಕೆ ನಿನ್ನ ಗೋಡೆ ದಪ್ಪ."

"ಗೋಡೆ ಮಾತ್ರ ಅಲ್ಲ," ಎಂದ ಕಡ್ಡಿ. ಬಂಡೆ ಮುಂದಿನ ಸುತ್ತಿನಲ್ಲಿ ಅವನನ್ನು ತಳ್ಳಿದ ರಭಸಕ್ಕೆ ಅವನು ಕಾಲನ್ನೂ ದಾಟಿ ಉದ್ದಜಿಗಿತದ ಮರಳಿಗೆ ಹೋಗಿ ಬಿದ್ದ.

ಕೊನೆಯಲ್ಲಿ ನಾಡಿ ಎಣಿಸುವುದು. ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಮಣಿಕಟ್ಟು ಇನ್ನೊಬ್ಬರು ಹಿಡಿದು, ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಓಡಿದವರದೆಲ್ಲ ನೂರೈವತ್ತರ ಆಚೆಗಿತ್ತು. ಮಾಸ್ಟ್ರು ಗಡಿಯಾರ ನೋಡಿದರು, ಮೂವತ್ತಾರು ನಿಮಿಷ. ಇನ್ನು ನಾಲ್ಕು ನಿಮಿಷ ತಳ್ಳಿದರೆ ಮುಗಿಯಿತು.

ಆಗ ತನ್ನ ಜೋಡಿಯ ನಾಡಿ ಎಣಿಸಿ ಮುಗಿಸಿದ್ದ ಪ್ರಶ್ನೆಪತ್ರಿಕೆ ಬಂದು ಮಾಸ್ಟ್ರ ಮಣಿಕಟ್ಟನ್ನೇ ಹಿಡಿದ. ಬಿಡಿಸಿಕೊಳ್ಳುವಂತಿರಲಿಲ್ಲ, ಪರೀಕ್ಷಕಿ ನೋಡುತ್ತಿದ್ದರು. ಅವನು ತುಟಿ ಅಲುಗಿಸುತ್ತ ಎಣಿಸಿದ.

"ಇಪ್ಪತ್ತೆಂಟು. ನೂರ ಹನ್ನೆರಡು. ಮಾಸ್ಟ್ರೇ, ನೀವು ಓಡೇ ಇಲ್ಲವಲ್ಲ."

"ತಪ್ಪು ಎಣಿಸಿದೀಯ."

"ಇಲ್ಲ ಮಾಸ್ಟ್ರೇ. ಬೇಕಾದ್ರೆ ಇನ್ನೊಂದ್ಸಲ ಎಣಿಸ್ತೀನಿ."

ಪರೀಕ್ಷಕಿ ಮುಂದೆ ಬಂದರು. ತಾವೇ ಮಾಸ್ಟ್ರ ಕೈ ಹಿಡಿದು ಎಣಿಸಿದರು. "ನೂರ ಹದಿನಾರು," ಎಂದರು. "ಒಳ್ಳೆ ಪ್ರಶ್ನೆ ಕೇಳಿದಾನೆ. ಮಕ್ಕಳು ಓಡಿದ್ರು, ಅವರ ಹೃದಯ ಓಡಿತು. ನೀವು ನಿಂತಲ್ಲೇ ಇದ್ರಿ. ನಿಮ್ಮದು ಯಾಕೆ ಓಡ್ತಿದೆ? ಇವರಿಗೆ ವಿವರಿಸಿ."

ಇದು ಅಕ್ಕನ ಬಟ್ಟಲುಗಳಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಇದ್ದರೂ ಮಾಸ್ಟ್ರು ಆ ಹಾಳೆ ತಲುಪಿರಲಿಲ್ಲ. ಕೂಗಾಡಿ ದಾಟಿಸಬಹುದಾಗಿತ್ತು, ನಲವತ್ತೇಳು ವರ್ಷದಲ್ಲಿ ಎಷ್ಟೋ ಕಷ್ಟದ ಪ್ರಶ್ನೆಗಳನ್ನು ಅವರು ಹಾಗೆಯೇ ದಾಟಿಸಿದ್ದರು. ಕಿವಿ ಮತ್ತೆ ಕೆಂಪಾಯಿತು.

"ಪುಸ್ತಕದ ಮಾತು ನನಗೆ ಗೊತ್ತಿಲ್ಲ ಮೇಡಂ," ಎಂದರು ಮಾಸ್ಟ್ರು. ಹಾಗೆ ಹೇಳಿದ್ದು ತಮ್ಮದೇ ಬಾಯಿಯೇ ಎಂದು ಅವರಿಗೇ ಅನುಮಾನವಾಯಿತು. ಮಕ್ಕಳ ಕಡೆ ತಿರುಗಿದರು. "ಇದು ಹೆದರಿಕೆ ಕಣ್ರೋ. ನಿಮಗೆ ಸುಳ್ಳು ಹೇಳಿದ್ದೆ. ಇವತ್ತು ಪರೀಕ್ಷೆ ನಿಮ್ಮದಲ್ಲ, ನಂದು. ಫೇಲಾದ್ರೆ ನಾಳೆಯಿಂದ ಮೈದಾನಕ್ಕೆ ನಾನು ಬರಲ್ಲ, ಸ್ಟೋರ್ ರೂಮಲ್ಲಿರ್ತೀನಿ. ಬೆಳಿಗ್ಗೆಯಿಂದ ಅದೇ ತಲೇಲಿದೆ."

ಮಾಸ್ಟ್ರು ಓಟದ ಪಥದ ಕಡೆ ಕೈ ತೋರಿಸಿದರು.

"ಓಟದ ಗೆರೆ ಹತ್ರ ನಿಂತಾಗ ನಿಮಗೂ ಹೀಗೇ ಆಗುತ್ತಲ್ಲ. ಇನ್ನೂ ಒಂದು ಹೆಜ್ಜೆ ಇಟ್ಟಿರಲ್ಲ, ಎದೆ ಆಗಲೇ ಓಡೋಕೆ ಶುರು ಮಾಡಿರುತ್ತೆ. ಯಾಕೆ? ಮುಂದೆ ದೊಡ್ಡ ಕೆಲ್ಸ ಇದೆ ಅಂತ ತಲೆ ಮೊದಲೇ ಹೇಳಿ ಕಳಿಸುತ್ತೆ. ಹೃದಯ ಪಾಪ ನಂಬಿಬಿಡುತ್ತೆ. ಕಾಲು ಕೇಳೋ ಮೊದಲೇ ರಕ್ತ ತಯಾರು ಮಾಡ್ಕೊಳ್ಳುತ್ತೆ. ಆಗ ಎದೆ ಹೊಡ್ಕೊಂಡ್ರೆ ನನಗೆ ಧೈರ್ಯ ಇಲ್ಲ ಅಂತ ಅಂದ್ಕೋಬೇಡಿ. ಅದು ನಿಮ್ಮ ಪರವಾಗಿ ಓಡ್ತಿದೆ. ನಿಧಾನಕ್ಕೆ ಉಸಿರು ಬಿಡಿ, ಉದ್ದಕ್ಕೆ ಬಿಡಿ, ಅದು ಸ್ವಲ್ಪ ತಗ್ಗುತ್ತೆ. ನಾನೂ ಈಗ ಅದನ್ನೇ ಮಾಡ್ತೀನಿ."

ಮಾಸ್ಟ್ರು ನಿಂತಲ್ಲೇ ನಿಧಾನವಾಗಿ ಉಸಿರು ಬಿಟ್ಟರು. ಹೊಟ್ಟೆ ಒಳಗೆ ಹೋಯಿತು, ಮುಂದೆ ಬಂತು. ಇಪ್ಪತ್ತೆರಡು ಮಕ್ಕಳು ಯಾರೂ ಹೇಳದೆಯೇ ಅವರ ಜೊತೆ ಉಸಿರು ಬಿಟ್ಟರು.

"ಮಾಸ್ಟ್ರೇ," ಎಂದಳು ಬಂಡೆ. "ನಮಗೆ ಗೊತ್ತಿತ್ತು. ಕಡ್ಡಿಯ ಮೊಣಕಾಲಿಗೆ ಪಟ್ಟಿ ಕಟ್ಟಿಸೋಕೆ ನಿಮ್ಮನೆಗೆ ಹೋದಾಗ ನಿಮ್ಮಕ್ಕ ಹೇಳಿದ್ರು."

"ಗೊತ್ತಿದ್ದೂ ನನ್ನ ಹತ್ರ ಅಷ್ಟು ಬೈಸ್ಕೊಂಡ್ರಾ?"

"ಬೈಯದಿದ್ರೆ ನಿಮಗೆ ಹುಷಾರಿಲ್ಲ ಅಂತ ಅಂದ್ಕೋತೀವಲ್ಲ ಮಾಸ್ಟ್ರೇ," ಎಂದ ಪ್ರಶ್ನೆಪತ್ರಿಕೆ, ಮತ್ತೆ ಅವರ ಮಣಿಕಟ್ಟು ಹಿಡಿದು ಎಣಿಸುತ್ತ. "ತೊಂಬತ್ತಾರು. ಇಳೀತಿದೆ."

ಪರೀಕ್ಷಕಿ ಗಡಿಯಾರ ನೋಡಲಿಲ್ಲ. ನಲವತ್ತೆರಡು ನಿಮಿಷವಾಗಿತ್ತು. ಹಾಳೆಯ ಕೊನೆಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. "ಚಿತ್ರಕ್ಕೆ ಎರಡು ಅಂಕ ಕಳೆದಿದೀನಿ," ಎಂದರು. "ಬೋರಲು ಮಲಗಿದಾನೆ ಅಂತ ಚಿತ್ರದ ಪಕ್ಕ ಬರೆದಿರಬೇಕಿತ್ತು. ಉಳಿದದ್ದರಲ್ಲಿ ಕಳೆಯೋಕೆ ಏನೂ ಸಿಗಲಿಲ್ಲ. ನೀವು ಪಾಸು." ಆಮೇಲೆ, ಚಪ್ಪಲಿ ಹಾಕಿಕೊಳ್ಳದೆಯೇ, "ಒಂದು ಸುತ್ತು ನಾನೂ ಹೋಗಿ ಬರಬಹುದಾ?" ಎಂದು ಕೇಳಿ ಒಂದು ಶಟಲ್ ಎತ್ತಿಕೊಂಡರು. ಬಂಡೆ ಅವರನ್ನು ಮಾತ್ರ ಮೆಲ್ಲಗೆ ತಳ್ಳಿದಳು.

ಮಾಸ್ಟ್ರು ಸಂಜೆ ಮಹಡಿ ಹತ್ತಿದಾಗ ಎರಡು ಮಾತು ಹೇಳಬೇಕೆಂದಿದ್ದರು: ಒಂದು ಪಾಸಾದದ್ದು, ಇನ್ನೊಂದು ಬಾಯಿ ಬಿಗಿಹಿಡಿ ಎಂದವಳು ತಾನೇ ಬಾಯಿ ಬಿಟ್ಟದ್ದಕ್ಕೆ ಬೈಗುಳ. ಅಕ್ಕ ಮೊದಲಿನದಕ್ಕೆ, "ಎಷ್ಟು ಅಂಕ ಹೋಯ್ತು?" ಎಂದಳು. ಎರಡನೆಯದಕ್ಕೆ ಅವರ ಬಾಯಿಗೆ ಒಂದು ತುಂಡು ಬೆಲ್ಲ ಹಾಕಿ ಮುಚ್ಚಿಸಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಾರ ಕಳೆಯುವುದರೊಳಗೆ ಈಜು ಕಲಿಸುವ ಮಾಸ್ಟ್ರು ಬಂದು, ತಮಗೂ ಅದೇ ಕಾಗದ ಬಂದಿದೆಯೆಂದೂ, ತಮ್ಮ ಮಕ್ಕಳಿಗೆ ಪಾಠ ಹೇಗೆ ಮಾಡಬೇಕೆಂದು ಸ್ವಲ್ಪ ತೋರಿಸಿಕೊಡಬೇಕೆಂದೂ ಕೇಳಿಕೊಂಡರು.

"ನಿನಗೇನು ತಲೆ ಕೆಟ್ಟಿದೆಯೇನಯ್ಯ?" ಎಂದರು ಸೀಟಿ ಮಾಸ್ಟ್ರು. "ನೀರಿನ ಮೇಲೆ ಸುಣ್ಣದ ಗೆರೆ ಎಳೆಯೋಕಾಗುತ್ತಾ? ಹೋಗು, ಹೋಗು, ನನಗೆ ಕೆಲ್ಸ ಇದೆ."

ಈಜು ಮಾಸ್ಟ್ರು ಹೋದರು. ಸೀಟಿ ಮಾಸ್ಟ್ರು ಮಕ್ಕಳಿಗೆ ನಾಲ್ಕು ಸುತ್ತು ಓಡಲು ಹೇಳಿದರು, ಇಬ್ಬರಿಗೆ ಬೈದರು. ಆಮೇಲೆ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಈಜುಕೊಳದ ಅಂಚಿಗೆ ಹೋಗಿ ನಿಂತು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಕೊಳದ ಅಗಲವನ್ನು ಹೆಜ್ಜೆಯಲ್ಲಿ ಅಳೆಯತೊಡಗಿದರು.